ಒಂದು ತಪ್ಪೇ, ಎಪ್ಪತ್ತಮೂರೇ?

ತಪ್ಪುಗಳನ್ನು ಎಣಿಸುವ ಬಗೆ ಯಾವುದು ಎಂಬ ಪ್ರಶ್ನೆ ಕೆಲವು ತಿಂಗಳುಗಳಿಂದ ನನ್ನನ್ನು ಕಾಡುತ್ತಿದೆ. ಮೇಲುನೋಟಕ್ಕೆ ಇದು ಬಿಡುವಿದ್ದವರ ಪ್ರಶ್ನೆಯೆಂದು ತೋರಬಹುದು. ಒಂದು ಸಲ ಮಾಡಿದ್ದು ಒಂದು ತಪ್ಪು, ಎರಡು ಸಲ ಮಾಡಿದ್ದು ಎರಡು. ಇದಕ್ಕೇಕೆ ಇಷ್ಟು ಯೋಚನೆ? ನಾನೂ ಹಾಗೆಯೇ ತಿಳಿದಿದ್ದೆ. ನನ್ನ ಕಸುಬಿನಲ್ಲಿ ಒಂದು ರಾತ್ರಿ ನಡೆದ ಸಣ್ಣ ಸಂಗತಿ ಆ ಲೆಕ್ಕವನ್ನು ಕೆಡಿಸಿತು.

ಮೊದಲು ಕಸುಬನ್ನು ಹೇಳಬೇಕು. ಈಗಿನ ದೊಡ್ಡ ಕಟ್ಟಡಗಳಲ್ಲಿ, ಆಸ್ಪತ್ರೆಯಾಗಲಿ ಹೋಟೆಲಾಗಲಿ ಕಚೇರಿಯಾಗಲಿ, ತಂಪು ಗಾಳಿಯನ್ನು ಯಾರೂ ಎದ್ದುಹೋಗಿ ಗುಂಡಿ ಒತ್ತಿ ಬಿಡುವುದಿಲ್ಲ. ಪ್ರತಿ ಕೊಠಡಿಯ ಫಾಲ್ಸ್ ಸೀಲಿಂಗಿನ ಮರೆಯಲ್ಲಿ ಅಂಗೈಯಗಲದ ಒಂದು ಪೆಟ್ಟಿಗೆ ಇರುತ್ತದೆ. ಕಂಟ್ರೋಲರ್ ಎಂದು ಅದರ ಹೆಸರು. ಗೋಡೆಯ ಮೇಲಿನ ಸೆನ್ಸರು ಶಾಖ ಎಷ್ಟಿದೆಯೆಂದು ಅದಕ್ಕೆ ತಿಳಿಸುತ್ತದೆ; ಅದು ತಣ್ಣೀರಿನ ಕೊಳವೆಯ ಬಾಯನ್ನು ಬೇಕಾದಷ್ಟು ತೆರೆಯುತ್ತದೆ, ಮುಚ್ಚುತ್ತದೆ, ಫ್ಯಾನನ್ನು ತಿರುಗಿಸುತ್ತದೆ. ಇಂಥ ನೂರಾರು ಪೆಟ್ಟಿಗೆಗಳು ತಂತಿಯ ಮೂಲಕ ಕೂಡಿಕೊಂಡು, ಕೆಳ ಅಂತಸ್ತಿನಲ್ಲಿ ಕುಳಿತ ಆಪರೇಟರನ ಪರದೆಗೆ ಸುದ್ದಿ ಕಳಿಸುತ್ತಿರುತ್ತವೆ. ಬೇರೆ ಬೇರೆ ಕಂಪನಿಗಳ ಪೆಟ್ಟಿಗೆಗಳು ಒಂದಕ್ಕೊಂದು ಮಾತನಾಡಲೆಂದು ಒಂದು ಭಾಷೆಯನ್ನೇ ಗೊತ್ತುಮಾಡಿದ್ದಾರೆ. ಬ್ಯಾಕ್‌ನೆಟ್ ಎಂಬ ಈ ಭಾಷೆಯ ಕೆಲಸವನ್ನು ಅಮೆರಿಕದ ಹವಾನಿಯಂತ್ರಣ ಎಂಜಿನಿಯರುಗಳ ಸಂಘ 1987ರಲ್ಲಿ ಕೈಗೆತ್ತಿಕೊಂಡು 1995ರಲ್ಲಿ ಪ್ರಕಟಿಸಿತು. ಅದರ ಕಟ್ಟಳೆಗಳಲ್ಲಿ ಒಂದು, ಒಂದು ಜಾಲದಲ್ಲಿ ಒಂದು ಪೆಟ್ಟಿಗೆಗೆ ಇರುವ ಸಂಖ್ಯೆ ಇನ್ನೊಂದಕ್ಕೆ ಇರಕೂಡದು ಎಂಬುದು. ಸೊನ್ನೆಯಿಂದ 41,94,302ರ ವರೆಗೆ ಯಾವ ಸಂಖ್ಯೆಯಾದರೂ ಸರಿ.

ಪೆಟ್ಟಿಗೆಗೆ ಈ ಸಂಖ್ಯೆ ಕೊಡಬೇಕು, ಹೆಸರಿಡಬೇಕು, ಯಾವ ಕೊಠಡಿಯದೆಂದು ತಿಳಿಸಬೇಕು, ಹಗಲಿಗೆ ಎಷ್ಟು ಶಾಖ, ರಾತ್ರಿಗೆ ಎಷ್ಟು, ಎಲ್ಲಿಂದ ಕೆಳಗಿಳಿಯಬಾರದು ಎಂದು ಹೇಳಿಕೊಡಬೇಕು. ಕೈಯಿಂದ ಮಾಡಹೊರಟರೆ ಒಂದೊಂದಕ್ಕೂ ಇಪ್ಪತ್ತು ನಿಮಿಷ ಹಿಡಿಯುತ್ತದೆ. ನಾವು ಹಾಗೆ ಮಾಡುವುದಿಲ್ಲ. ಎಕ್ಸೆಲ್ ಹಾಳೆಯಲ್ಲಿ ಒಂದು ಪೆಟ್ಟಿಗೆಗೆ ಒಂದು ಸಾಲು, ಒಂದು ಗುಣಕ್ಕೆ ಒಂದು ಕಾಲಂ ಮಾಡಿ, ಮೇಲಿನ ಮನೆಯಲ್ಲಿ 24 ಎಂದು ಬರೆದು ಮೂಲೆ ಹಿಡಿದು ಕೆಳಗೆ ಎಳೆಯುತ್ತೇವೆ. ಕೊನೆಯ ಸಾಲಿನ ತನಕ 24 ತುಂಬಿಕೊಳ್ಳುತ್ತದೆ. ಹಾಳೆಯನ್ನು ಕಂಪ್ಯೂಟರಿಗೆ ಉಣಿಸಿದರೆ ಅದು ಅಷ್ಟೂ ಪೆಟ್ಟಿಗೆಗಳಿಗೆ ಒಂದೇ ಉಸಿರಿನಲ್ಲಿ ಉಪದೇಶ ಮಾಡಿಬಿಡುತ್ತದೆ. ಒಂದು ವಾರದ ಕೆಲಸ ಒಂದು ಸಂಜೆಗೆ ಮುಗಿಯುತ್ತದೆ. 1978ರಲ್ಲಿ ಹಾರ್ವರ್ಡಿನ ತರಗತಿಯೊಂದರಲ್ಲಿ ಕುಳಿತಿದ್ದ ಡ್ಯಾನ್ ಬ್ರಿಕ್ಲಿನ್ ಎಂಬ ವಿದ್ಯಾರ್ಥಿಗೆ, ಕರಿಹಲಗೆಯ ಕೋಷ್ಟಕದಲ್ಲಿ ಒಂದು ಅಂಕಿ ತಪ್ಪಿದರೆ ಅದರ ಹಿಂದೆಯೇ ಎಷ್ಟೋ ಅಂಕಿಗಳನ್ನು ಅಳಿಸಿ ಬರೆಯಬೇಕಲ್ಲ ಎಂದು ಬೇಸರವಾಗಿ ಇದರ ಕಲ್ಪನೆ ಹುಟ್ಟಿತಂತೆ. 1979ರಲ್ಲಿ ಅವನೂ ಬಾಬ್ ಫ್ರಾಂಕ್‌ಸ್ಟನ್ನನೂ ಸೇರಿ ತಂದ ವಿಸಿಕ್ಯಾಲ್ಕ್ ಎಂಬುದೇ ಈ ಹಾಳೆಗಳ ಮೂಲಪುರುಷ. ಒಂದನ್ನು ತಿದ್ದಿದರೆ ಎಲ್ಲವೂ ತಿದ್ದಿಕೊಳ್ಳಬೇಕೆಂಬುದು ಅದರ ಆಸೆ. ಒಂದನ್ನು ಕೆಡಿಸಿದರೆ ಎಲ್ಲವೂ ಕೆಡುತ್ತವೆಂಬುದು ಅದೇ ಆಸೆಯ ಇನ್ನೊಂದು ಮಗ್ಗುಲು.

ನನ್ನ ಊರು ಉಗರಗೋಳ, ಸವದತ್ತಿಯ ಯಲ್ಲಮ್ಮನ ಗುಡ್ಡದ ಮಗ್ಗುಲಲ್ಲಿರುವುದು. ಸೋದರಮಾವ ಅಲ್ಲಿ ಬಳೆಗಾರ. ಕಳೆದ ವರ್ಷ ಅವನ ಮಗ ಅಂಗಡಿಯ ದಾಸ್ತಾನನ್ನು ಎಕ್ಸೆಲ್ಲಿನಲ್ಲಿ ಬರೆಯಹೊರಟು ನನಗೆ ಫೋನು ಮಾಡಿದ. ಬಳೆಯ ಅಳತೆ ‘ಎರಡೂ ನಾಲ್ಕು’, ‘ಎರಡೂ ಆರು’ ಎಂದು ಹೋಗುತ್ತದೆ. ಎರಡು ಇಂಚು, ಅದರ ಮೇಲೆ ಇಂಚಿನ ಹದಿನಾರರಲ್ಲಿ ನಾಲ್ಕು ಪಾಲು. ಅಂದರೆ ಎರಡೂಕಾಲು ಇಂಚಿನ ಒಳಗಲ. ಹುಡುಗ 2-4 ಎಂದು ಬರೆದರೆ ಹಾಳೆ ಅದನ್ನು ಏಪ್ರಿಲ್ ಎರಡನೆಯ ತಾರೀಖು ಮಾಡುತ್ತಿತ್ತು! ನಾನು ಬಹಳ ನಕ್ಕೆ. ಆದರೆ ವಿಜ್ಞಾನಿಗಳಿಗೂ ಇದೇ ಗತಿಯಾಗಿದೆ. ಮನುಷ್ಯನ ಕೆಲವು ಜೀನುಗಳ ಹೆಸರು ಮಾರ್ಚ್, ಸೆಪ್ಟೆಂಬರುಗಳಂತೆ ತೋರುತ್ತಿದ್ದುದರಿಂದ ಹಾಳೆ ಅವನ್ನೂ ತಾರೀಖು ಮಾಡುತ್ತಿತ್ತು. ಕೊನೆಗೆ ಸೋತು, 2020ರಲ್ಲಿ ಜೀನುಗಳ ಹೆಸರನ್ನೇ ಬದಲಾಯಿಸಿದರು. ಮಾವನಿಗೆ ಇದನ್ನು ಹೇಳಿದಾಗ, “ನಮ್ಮ ಬಳಿ ಹೆಸರ ನಾವ್ ಬದ್ಲಿ ಮಾಡೂದಿಲ್ಲಪಾ” ಎಂದ.

ಈಗ ಆ ರಾತ್ರಿಯ ಸಂಗತಿ. ನಮ್ಮ ಕಡೆಯದೇ ಒಂದು ಆಸ್ಪತ್ರೆ, ಎಂಬತ್ತನಾಲ್ಕು ಕೊಠಡಿಗಳು. ಹಾಳೆ ಸಿದ್ಧವಾಗಿತ್ತು. ಪೆಟ್ಟಿಗೆಗಳ ಸಂಖ್ಯೆ ಎಲೆಕ್ಟ್ರಿಷಿಯನ್ನರು ತಂತಿ ಎಳೆದ ಕ್ರಮದಲ್ಲಿತ್ತು; ಆದ್ದರಿಂದ ಎದುರಿನ ಕಾಲಮಿನಲ್ಲಿ ಕೊಠಡಿಗಳು ಅಸ್ತವ್ಯಸ್ತವಾಗಿ ಕಾಣುತ್ತಿದ್ದವು. ಹನ್ನೊಂದು ಗಂಟೆ ದಾಟಿತ್ತು. ನೋಡಲು ಅಂದವಾಗಿರಲಿ ಎಂದು ಕೊಠಡಿಯ ಕಾಲಮನ್ನು ಹಿಡಿದು ಕ್ರಮವಾಗಿ ಜೋಡಿಸೆಂದು ಆಜ್ಞೆ ಮಾಡಿದೆ. ಯಂತ್ರ ನನಗಿಂತ ವಿವೇಕಿ. ಪಕ್ಕದ ಕಾಲಂಗಳನ್ನೂ ಇದರೊಡನೆ ಸರಿಸಬೇಕೆ, ಇದೊಂದೇ ಸಾಕೆ ಎಂದು ಕೇಳಿತು. ನಾನು ಓದಲಿಲ್ಲ. ಸಾಕು ಎಂದು ಒತ್ತಿದೆ. ಕೊಠಡಿಗಳು ಸಾಲಾಗಿ ನಿಂತವು, ಪೆಟ್ಟಿಗೆಗಳು ಇದ್ದಲ್ಲೇ ಉಳಿದವು. ಒಬ್ಬರ ಮನೆಯ ಬಾಗಿಲಿಗೆ ಇನ್ನೊಬ್ಬರ ಹೆಸರಿನ ಹಲಗೆ ಹೊಡೆದಂತಾಯಿತು.

ಮರುದಿನ ಐದು ಕೊಠಡಿಗಳಿಗೆ ಹೋಗಿ ಪರೀಕ್ಷಿಸಿದೆ. ಐದೂ ಸರಿಯಾಗಿದ್ದವು! ಏಕೆಂದರೆ ಮೊದಲನೆಯ ಅಂತಸ್ತಿನ ಹನ್ನೊಂದು ಕೊಠಡಿಗಳಿಗೆ ತಂತಿ ಕ್ರಮವಾಗಿಯೇ ಹೋಗಿತ್ತು. ನಾನು ನೋಡಿದ್ದು ಅವುಗಳಲ್ಲಿ ಐದನ್ನು. ಮೆಟ್ಟಿಲಿಗೆ ಹತ್ತಿರವಿದ್ದವೆಂದು ಅವನ್ನು ಆರಿಸಿಕೊಂಡಿದ್ದೆ. ಉಳಿದ ಎಪ್ಪತ್ತಮೂರರಲ್ಲಿ ಒಂದೂ ತನ್ನ ಹೆಸರಿನಲ್ಲಿ ಇರಲಿಲ್ಲ. ಕಾಗದಕ್ಕೆ ಸಹಿ ಹಾಕಿ ಬಂದುಬಿಟ್ಟೆ.

ಇಂಥ ತಪ್ಪಿನ ಸ್ವಭಾವ ವಿಚಿತ್ರ. ಎಲ್ಲ ಕೊಠಡಿಗಳಿಗೂ 24 ಎಂದೇ ಇದ್ದುದರಿಂದ ಮೊದಲು ಯಾರಿಗೂ ಏನೂ ತಿಳಿಯಲಿಲ್ಲ. ರೋಗಿಗಳು ಬಂದರು. 307ರಲ್ಲಿದ್ದವರೊಬ್ಬರು ಸೆಕೆಯೆಂದರು. ಆಪರೇಟರ್ ಪರದೆಯಲ್ಲಿ ‘307’ನ್ನು ಹತ್ತೊಂಬತ್ತಕ್ಕೆ ಇಳಿಸಿದ, ಇಳಿದದ್ದು 214. ಅಲ್ಲಿ ಶಸ್ತ್ರಚಿಕಿತ್ಸೆಯಾದ ಒಬ್ಬ ಮುದುಕ ಮಲಗಿದ್ದ. ಅವನು ಥಂಡಿ ಎಂದ. ನರ್ಸಮ್ಮ ಕೆಳಗೆ ಫೋನು ಮಾಡಿದರು. ಆಪರೇಟರ್ ‘214’ನ್ನು ಇಪ್ಪತ್ತಾರಕ್ಕೆ ಏರಿಸಿದ, ಏರಿದ್ದು 226. ಸ್ವಲ್ಪ ಹೊತ್ತಿನ ಮೇಲೆ ಪರದೆ ನೋಡಿದರೆ ‘214’ರಲ್ಲಿ ಇಪ್ಪತ್ತಾರು ಎಂದು ಬರೆದಿದೆ. ಇನ್ನೇನು ಬೇಕು? ಮುದುಕ ಮತ್ತೆ ಥಂಡಿ ಎಂದ. ಈ ಸಲ ಯಾರೂ ಏನನ್ನೂ ಏರಿಸಲಿಲ್ಲ. ಗೋಡೆಯ ಮೇಲಿದ್ದ ಸೆನ್ಸರಿನಲ್ಲಿ ಅಂಕಿ ಕಾಣುವ ಕಿಟಕಿ ಕೂಡ ಇರಲಿಲ್ಲ. ರೋಗಿಗಳು ಕೈಹಚ್ಚಬಾರದೆಂದು ಅಂಥದನ್ನೇ ತರಿಸಿದ್ದರು. ಹೀಗೆ ಮೂರು ರಾತ್ರಿ ಕಳೆಯಿತು. ಅವನ ಮಗ ಹಳ್ಳಿಗೆ ಹೋಗಿ ಕೌದಿ ತಂದ.

ನಾಲ್ಕನೆಯ ದಿನ ನನ್ನನ್ನು ಕರೆಸಿದರು. ಕೊಠಡಿಗೆ ಹೋಗಿ ಥರ್ಮಾಮೀಟರು ಹಿಡಿದೆ, ಹದಿನೆಂಟೂವರೆ. ಮುದುಕ ಕೌದಿಯೊಳಗಿನಿಂದ ನನ್ನನ್ನು ನೋಡಿ, “ಮೂರ ದಿನದಿಂದ ಹೇಳಾಕತ್ತೇನ್ರಿ, ಥಂಡಿ ಹತ್ತೈತಿ ಅಂತ. ಇಲ್ಲ ಅಜ್ಜಾ, ನಿಮಗ ಬೆಚ್ಚಗ ಐತಿ ಅಂತಾರ. ನನ್ನ ಮೈ ನನಗ ಗೊತ್ತಿಲ್ಲೇನ್ರಿ?” ಎಂದ.

ಥಂಡಿಗಿಂತ ಈ ಮಾತು ನನಗೆ ಹೆಚ್ಚು ತಾಗಿತು. ಹಾಳೆಯನ್ನು ಸರಿಪಡಿಸಿ ಮತ್ತೆ ಉಣಿಸಲು ಹತ್ತು ನಿಮಿಷವೂ ಬೇಕಾಗಲಿಲ್ಲ. ನನ್ನ ಜೊತೆಗೆ ಕೆಲಸ ಮಾಡುವವರೊಬ್ಬರು ಬೆನ್ನು ತಟ್ಟಿ, “ಒಂದು ತಪ್ಪು, ಒಂದು ತಿದ್ದುಪಡಿ, ಮುಗಿಯಿತು” ಎಂದರು. ಕಚೇರಿಯ ಪುಸ್ತಕದಲ್ಲಿಯೂ ಒಂದು ದೋಷವೆಂದೇ ದಾಖಲಾಯಿತು. ಅಂದಿನಿಂದ ಪ್ರಶ್ನೆ ಶುರುವಾಯಿತು. ಅದು ಒಂದು ತಪ್ಪೇ, ಎಪ್ಪತ್ತಮೂರೇ?

ನನ್ನ ಕಡೆಯಿಂದ ನೋಡಿದರೆ ಒಂದೇ. ಒತ್ತಿದ್ದು ಒಂದು ಗುಂಡಿ, ಓದದೆ ಬಿಟ್ಟದ್ದು ಒಂದು ಪ್ರಶ್ನೆ. ಆದರೆ 214ರವನಿಗೆ ಎಪ್ಪತ್ತಮೂರರಲ್ಲಿ ಒಂದು ಪಾಲಿನ ಥಂಡಿ ಹತ್ತಿತೇ? ಪೂರಾ ಥಂಡಿಯೇ ಹತ್ತಿತು. 226ರವರಿಗೆ ಪೂರಾ ಸೆಕೆಯೇ ಆಯಿತು. ನೋವನ್ನು ಹಂಚಿಕೊಂಡವರು ಹೆಚ್ಚಿದಷ್ಟೂ ಒಬ್ಬೊಬ್ಬರ ಪಾಲು ಕಡಿಮೆಯಾಗುವುದು ಜಗಲಿಯ ಮೇಲೆ ಕುಳಿತು ಮಾತಾಡಿಕೊಳ್ಳುವ ದುಃಖದಲ್ಲಿ. ಬೇರೆ ಬೇರೆ ಕೊಠಡಿಗಳಲ್ಲಿ ಬಾಗಿಲು ಹಾಕಿಕೊಂಡು ಮಲಗಿದವರಿಗೆ ಆ ಸೌಲಭ್ಯವೂ ಇಲ್ಲ. ಹಿಂದಿನ ಕಾಲದಲ್ಲಿ ಮಾಡುವವನ ಎಣಿಕೆಯೂ ಅನುಭವಿಸುವವನ ಎಣಿಕೆಯೂ ಹೆಚ್ಚುಕಡಿಮೆ ಒಂದೇ ಆಗಿರುತ್ತಿದ್ದವು. ಎಪ್ಪತ್ತಮೂರು ಜನರನ್ನು ನಡುಗಿಸಬೇಕಾದರೆ ಎಪ್ಪತ್ತಮೂರು ಬಾಗಿಲು ಹತ್ತಿಳಿಯಬೇಕಿತ್ತು. ಹತ್ತನೆಯ ಬಾಗಿಲಲ್ಲಾದರೂ ಯಾರೋ ಒಬ್ಬರು ತಡೆಯುತ್ತಿದ್ದರು. ಈಗ ಎರಡು ಎಣಿಕೆಗಳೂ ಬೇರೆ ಬೇರೆ ದಾರಿ ಹಿಡಿದಿವೆ.

ಇಂಗ್ಲೆಂಡಿನಲ್ಲಿ 2020ರ ಅಕ್ಟೋಬರಿನಲ್ಲಿ ನಡೆದದ್ದು ಅನೇಕರಿಗೆ ನೆನಪಿರಬಹುದು. ಕೊರೋನಾ ಸೋಂಕಿತರ ಪಟ್ಟಿಯನ್ನು ಹಳೆಯ ಬಗೆಯ ಎಕ್ಸೆಲ್ ಕಡತಕ್ಕೆ ತುಂಬಿಸುತ್ತಿದ್ದರು. ಆ ಕಡತದಲ್ಲಿ 65,536 ಸಾಲುಗಳಿಗಿಂತ ಹೆಚ್ಚು ಹಿಡಿಸುವುದಿಲ್ಲ. ಉಳಿದವು ಸದ್ದಿಲ್ಲದೆ ಬಿದ್ದುಹೋದವು. 15,841 ಜನರ ಹೆಸರು ಲೆಕ್ಕಕ್ಕೆ ಬರಲಿಲ್ಲ, ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕಿ ಎಚ್ಚರಿಸುವ ಕೆಲಸ ತಡವಾಯಿತು. ಪತ್ರಿಕೆಗಳು ಬರೆದದ್ದು ‘ಒಂದು ತಾಂತ್ರಿಕ ದೋಷ’ ಎಂದು. ಒಂದು!

ಇದು ಕಂಪ್ಯೂಟರಿನಿಂದ ಬಂದ ರೋಗವೆಂದು ಓದುಗರು ತಿಳಿಯಬಾರದು. ಕಾಲಮಿನಲ್ಲಿ ಒಂದೇ ಅಂಕಿಯನ್ನು ಮೇಲಿನಿಂದ ಕೆಳಕ್ಕೆ ಎಳೆಯುವುದು ಕಾಗದದ ಕಾಲದಿಂದಲೂ ಇದೆ. ನಮ್ಮೂರಿಗೆ ದೂರವಲ್ಲದ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿ, ಜಲಾಶಯಕ್ಕೆ ಗುಡ್ಡದ ದೇವಿಯ ಹೆಸರನ್ನೇ ಇಟ್ಟು ರೇಣುಕಾಸಾಗರ ಎಂದು ಕರೆದರು. ಕಾಲುವೆಗಳು ಹೋದವು. ಅಚ್ಚುಕಟ್ಟಿನ ಜಮೀನಿಗೆ ನೀರಿನ ಕರ, ಅಭಿವೃದ್ಧಿ ಕರ ಬಿದ್ದವು. ನೀರು ಮುಟ್ಟದ ಹೊಲಕ್ಕೂ ಕರ ಕೇಳುತ್ತಾರೆ ಎಂಬುದು ರೈತರ ದೂರುಗಳಲ್ಲಿ ಒಂದಾಗಿತ್ತು. ದೂರು ಹೇಳಿದವನಿಗೆ ಸಿಕ್ಕ ಉತ್ತರ, ನಕ್ಷೆಯಲ್ಲಿ ನಿನ್ನ ಹೊಲ ನೀರಾವರಿ ಎಂದಿದೆಯಲ್ಲ ಎಂಬುದೇ ಇರಬೇಕು. ನನ್ನ ಮುದುಕನಿಗೆ ಸಿಕ್ಕಿದ್ದೂ ಅದೇ ಜಾತಿಯ ಉತ್ತರ. ಅಲ್ಲಿ ಅದು ಕೌದಿಯಿಂದ ಮುಗಿಯಲಿಲ್ಲ. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರಾಯಿತು. ರೈತರೂ ಸತ್ತರು, ಸರಕಾರದ ನೌಕರರೂ ಸತ್ತರು. ಈಗಲೂ ಆ ದಿನವನ್ನು ರೈತ ಹುತಾತ್ಮರ ದಿನವೆಂದು ಆಚರಿಸುತ್ತಾರೆ.

ಈಗ ಕಾಲುವೆಗಳಿಗೂ ನನ್ನ ಕಸುಬು ಕಾಲಿಟ್ಟಿದೆ. ನಾರಾಯಣಪುರ ಎಡದಂಡೆ ಕಾಲುವೆಯ ಆಧುನೀಕರಣದ ಕೆಲಸವನ್ನು 2023ರ ಜನವರಿಯಲ್ಲಿ ಯಾದಗಿರಿ ಜಿಲ್ಲೆಯ ಕೊಡೇಕಲ್ಲಿನಲ್ಲಿ ಪ್ರಧಾನಿಯವರು ಉದ್ಘಾಟಿಸಿದರು. ಹತ್ತು ಸಾವಿರ ಕ್ಯೂಸೆಕ್ಸಿನ ಕಾಲುವೆ, ನಾಲ್ಕೂವರೆ ಲಕ್ಷ ಹೆಕ್ಟೇರು ಅಚ್ಚುಕಟ್ಟು. ತೂಬಿನ ಬಾಗಿಲುಗಳನ್ನು ದೂರದ ಕೊಠಡಿಯಿಂದಲೇ ಏರಿಸಬಹುದು, ಇಳಿಸಬಹುದು. ಒಳ್ಳೆಯ ಕೆಲಸವೆಂದೇ ನನ್ನ ಭಾವನೆ. ಆದರೆ ಎಂದಾದರೊಂದು ದಿನ ಕಾಲುವೆಯ ಕೊನೆಯ ಹೊಲದವನು ‘ನೀರು ಬಂದಿಲ್ಲ’ ಎಂದಾಗ, ಪರದೆಯ ಮೇಲೆ ಅವನ ತೂಬು ‘ತೆರೆದಿದೆ’ ಎಂದು ತೋರುತ್ತಿದ್ದರೆ, ಕುರ್ಚಿಯಿಂದ ಏಳುವವರು ಯಾರು ಎಂದು ನನಗೆ ಯೋಚನೆಯಾಗುತ್ತದೆ.

ಹಾಗಾದರೆ ಹಾಳೆಯನ್ನು ಬಿಟ್ಟುಬಿಡೋಣವೆ? ಕೆಲವು ದಿನ ನಾನು ಹಾಗೆ ಯೋಚಿಸಿದ್ದುಂಟು. ಅದು ಪ್ರಾಮಾಣಿಕವಾದ ಯೋಚನೆಯಲ್ಲ. ಕೈಯಿಂದ ಒಂದೊಂದನ್ನೇ ಮಾಡುತ್ತಿದ್ದ ಕಾಲವನ್ನೂ ನಾನು ಕಂಡಿದ್ದೇನೆ. ಸಾಹೇಬರ ಕೊಠಡಿಗೆ ಮೊದಲು ಹೋಗುತ್ತಿದ್ದೆವು, ಅಲ್ಲಿ ಮೂರು ಸಲ ನೋಡುತ್ತಿದ್ದೆವು. ಅಡಿಗೆಯವರ ಕೋಣೆಗೆ ಸಂಜೆ ಹೋಗಿ ಕೈಮುಟ್ಟಿಸಿ ಬರುತ್ತಿದ್ದೆವು. ಕೈಯಿಂದ ಮಾಡಿದ್ದೆಲ್ಲ ಮನಸ್ಸಿಟ್ಟು ಮಾಡಿದ್ದಲ್ಲ. ಹಾಳೆಗೆ ಸಾಹೇಬರೂ ಒಂದು ಸಾಲು, ಅಡಿಗೆಯವರೂ ಒಂದು ಸಾಲು. ಅದಕ್ಕೆ ಮುಖ ಕಾಣಿಸುವುದಿಲ್ಲ. ಈ ಕುರುಡುತನದಲ್ಲಿ ಒಂದು ನ್ಯಾಯವಿದೆ. ಮುಖ ನೋಡಿ ಮಣೆ ಹಾಕುವ ನಮ್ಮ ದೇಶದಲ್ಲಿ ಅದು ಸಣ್ಣ ನ್ಯಾಯವೇನಲ್ಲ. ಎಲ್ಲರಿಗೂ 24 ಎಂದು ಬರೆದದ್ದು ತಪ್ಪಲ್ಲ. ಬರೆದಾದ ಮೇಲೆ, ಎಲ್ಲರಿಗೂ 24 ಸಿಕ್ಕಿದೆ ಎಂದು ನಂಬಿದ್ದು ತಪ್ಪು. ಅದಕ್ಕಿಂತ ದೊಡ್ಡದು, ಸಿಕ್ಕಿಲ್ಲವೆಂದು ಒಬ್ಬ ಬಾಯಿಬಿಟ್ಟು ಹೇಳಿದಾಗ ಅವನ ಮೈಗಿಂತ ನನ್ನ ಹಾಳೆ ಹೆಚ್ಚು ಬಲ್ಲದೆಂದು ಇಡೀ ಆಸ್ಪತ್ರೆ ನಂಬುವಂತೆ ಮಾಡಿದ್ದು. ಆಪರೇಟರನನ್ನೂ ನರ್ಸಮ್ಮನನ್ನೂ ನಾನು ದೂರಲಾರೆ. ಅವರು ನಂಬಿದ್ದು ನನ್ನ ಸಹಿಯನ್ನು.

ಈಗ ನಾನು ಹತ್ತು ಕೊಠಡಿಗಳನ್ನು ನೋಡುತ್ತೇನೆ, ಮೆಟ್ಟಿಲಿಗೆ ದೂರವಾದವನ್ನು ಮೊದಲು. ಹತ್ತನ್ನು ನೋಡಿದವನಿಗೆ ಹನ್ನೊಂದನೆಯದು ತಿಳಿಯದು ಎಂಬುದು ಇದ್ದೇ ಇದೆ. ಎಂಬತ್ತನಾಲ್ಕನ್ನೂ ನೋಡುವುದಾದರೆ ಹಾಳೆ ಮಾಡಿದ ಉಳಿತಾಯವೆಲ್ಲ ಕಾಲಿಗೆ ಹೋಗುತ್ತದೆ. ಗುತ್ತಿಗೆ ಕೊಟ್ಟವರು ಆ ದಿನಗಳಿಗೆ ಹಣ ಕೊಡುವುದಿಲ್ಲ. ಎಲ್ಲಿಯವರೆಗೆ ನೋಡಿದರೆ ನನ್ನ ಋಣ ತೀರಿತು? ಇದಕ್ಕೆ ಉತ್ತರ ನನಗೆ ಸಿಕ್ಕಿಲ್ಲ. ಗೋಡೆಗೆ ಅಂಕಿ ಕಾಣುವ ಸೆನ್ಸರನ್ನೇ ಹಾಕಿಸಿರೆಂದು ಮಾತ್ರ ಈಗ ಹಟ ಹಿಡಿಯುತ್ತೇನೆ. ಕೆಲವರು ಒಪ್ಪುತ್ತಾರೆ, ದರ ಹೆಚ್ಚೆಂದು ಕೆಲವರು ಒಪ್ಪುವುದಿಲ್ಲ.

ಇನ್ನೊಂದು ಮಾತನ್ನು ಇಲ್ಲಿಯವರೆಗೆ ಹೇಳದೆ ಬಂದೆ. ಆ ದಿನ ಮುದುಕನಿಗೆ ನಾನು ಹೇಳಿದ್ದು, “ಯಂತ್ರದಾಗ ಸ್ವಲ್ಪ ತಪ್ಪಾಗಿತ್ತರಿ ಅಜ್ಜಾರ, ಈಗ ಸರಿ ಮಾಡೇನಿ” ಎಂದು. ಅವನು, “ಇರಲಿ ಬಿಡಪಾ, ಯಂತ್ರಕ್ಕೇನ ಗೊತ್ತಾಗತೈತಿ” ಎಂದು ನಕ್ಕುಬಿಟ್ಟ. ಯಂತ್ರದ ಹೆಸರಿನಲ್ಲಿ ಸಿಕ್ಕ ಆ ಕ್ಷಮೆಯನ್ನು ನಾನು ಜೇಬಿಗೆ ಹಾಕಿಕೊಂಡು ಮೆಟ್ಟಿಲಿಳಿದೆ. ಯಂತ್ರವಾದರೋ ಕೇಳಬೇಕಾದ್ದನ್ನು ಕೇಳಿತ್ತು.

ಈ ಸಲ ಭರತ ಹುಣ್ಣಿಮೆಗೆ ಊರಿಗೆ ಹೋಗಿದ್ದೆ. ಮುತ್ತೈದೆ ಹುಣ್ಣಿಮೆಯೆಂದೂ ಅದನ್ನು ಕರೆಯುತ್ತಾರೆ. ಯಲ್ಲಮ್ಮ ಮತ್ತೆ ಮುತ್ತೈದೆಯಾದ ದಿನವೆಂದು ನಂಬಿಕೆ. ಗುಡ್ಡದ ದಾರಿ ತುಂಬ ಚಕ್ಕಡಿಗಳು, ಟ್ರ್ಯಾಕ್ಟರುಗಳು, ಭಂಡಾರದ ಹಳದಿ, ‘ಉಧೋ ಉಧೋ’ ಎಂಬ ಕೂಗು. ಮಾವನ ಅಂಗಡಿಯ ಮುಂದೆ ಹೆಂಗಸರು ಹಸಿರು ಬಳೆಗೆ ಕಾದು ಕುಳಿತಿದ್ದರು. ಬಳೆಗಳೆಲ್ಲ ಅಳತೆಯ ಪ್ರಕಾರ ಗಂಟುಕಟ್ಟಿ ತೂಗುಬಿಟ್ಟಿದ್ದವು. ಅದೂ ಒಂದು ಕೋಷ್ಟಕವೇ. ಆದರೆ ಮಾವ ಕೈ ಹಿಡಿದು, ಹೆಬ್ಬೆರಳ ಬುಡವನ್ನು ಒತ್ತಿ ನೋಡದೆ ಗಂಟು ಬಿಚ್ಚುತ್ತಿರಲಿಲ್ಲ. “ಎರಡೂ ಆರು ಕೊಡು ಮಾಮಾ” ಎಂದು ಅವಳೇ ಹೇಳಿದರೂ ಒಂದು ಸಲ ಒತ್ತಿ ನೋಡುವುದು. ಇಡುವಾಗ ಒಡೆದ ಬಳೆ ಅವನ ಲೆಕ್ಕ. ಒಡೆದರೆ ಸದ್ದಾಗುತ್ತದೆ, ಎಷ್ಟೋ ಸಲ ರಕ್ತವೂ ಕಾಣುತ್ತದೆ. ಯಾರ ತಪ್ಪೆಂದು ವಿಚಾರಣೆ ನಡೆಸಬೇಕಾಗಿಲ್ಲ. ನೂರು ಕೈ, ನೂರು ಲೆಕ್ಕ.

ಪಕ್ಕದಲ್ಲಿ ಕುಳಿತು ಆಸ್ಪತ್ರೆಯ ಕತೆಯನ್ನೆಲ್ಲ ಹೇಳಿದೆ. ನನ್ನ ಪ್ರಶ್ನೆಯನ್ನೂ ಮುಂದಿಟ್ಟೆ, ಒಂದೋ ಎಪ್ಪತ್ತಮೂರೋ ಎಂದು. ಮಾವ ಕೆಲಸ ಬಿಡದೆ ಕೇಳುತ್ತಿದ್ದ. ಎಣಿಕೆಯ ಮಾತು ಅವನಿಗೆ ಹಿಡಿಸಿದಂತೆ ಕಾಣಲಿಲ್ಲ.

“ಅಜ್ಜಗ ಹೇಳಿದೇನು, ನಾನ ಮಾಡಿದ್ದು ಅಂತ?” ಎಂದು ಕೇಳಿದ.

“ಇಲ್ಲ ಮಾವಾ.”

ಅವನು ನನ್ನ ಕಡೆ ಒಂದು ಸಲ ನೋಡಿದ. ಆಮೇಲೆ ಸಾಲಿನಲ್ಲಿ ಮುಂದೆ ಕುಳಿತವಳ ಕಡೆಗೆ ತಿರುಗಿ, “ಕೈ ಕೊಡವಾ, ಬೆರಳ ಸಡಲ ಬಿಡು” ಎಂದ.